ಬೀದಿದೀಪದ ದೂರು: ಹತ್ತು ಜನ ಬರೆದರೆ ಬೇಗ ಆಗುತ್ತದೆಯೇ?

"ಬೀದಿದೀಪ ಕೆಟ್ಟರೆ ಬೀದಿಯವರೆಲ್ಲ ಬೇರೆಬೇರೆಯಾಗಿ ದೂರು ಕೊಡಿ, ಬೇಗ ರಿಪೇರಿಯಾಗುತ್ತದೆ" ಎಂಬ ಸಂದೇಶ ಹರಿದಾಡುತ್ತಿದೆ. ಇದು ಸರಿಯಲ್ಲ. ಒಂದೇ ಜಾಗದ ದೂರುಗಳನ್ನು ಸಾಮಾನ್ಯವಾಗಿ ಮೊದಲನೆಯದಕ್ಕೆ ಸೇರಿಸಿ, ಉಳಿದವನ್ನು ಮುಚ್ಚಿಬಿಡುತ್ತಾರೆ. ನಿಮ್ಮ ದೂರು ಮುಚ್ಚಿದ್ದರೆ ದೀಪ ಸರಿಯಾಯಿತೆಂದು ಅರ್ಥವಲ್ಲ. ಮೂಲ ದೂರಿನ ಸಂಖ್ಯೆ ಕೇಳಿ ಇಟ್ಟುಕೊಳ್ಳಿ.

ಕೆಲಸ ತಡವಾಗುವುದು ಹೆಚ್ಚಾಗಿ ವಿವರ ಸಾಲದೆ. ಕಂಬದ ಸಂಖ್ಯೆ ಬರೆಯಿರಿ; ಅಳಿಸಿದ್ದರೆ ಪಕ್ಕದ ಕಂಬದ್ದು. ಒಂದೇ ದೀಪ ಆರಿದ್ದರೆ ದೋಷ ಬಹುತೇಕ ಬಲ್ಬು, ಡ್ರೈವರ್ (ಎಲ್‌ಇಡಿ ದೀಪಕ್ಕೆ ವಿದ್ಯುತ್ ಹೊಂದಿಸಿಕೊಡುವ ಭಾಗ) ಅಥವಾ ಕಂಬದೊಳಗಿನ ಫ್ಯೂಸಿನದು. ಸಾಲಿಗೆ ಸಾಲೇ ಆರಿದ್ದರೆ ಟೈಮರ್, ನಿಯಂತ್ರಣ ಪೆಟ್ಟಿಗೆ ಇಲ್ಲವೇ ಕೇಬಲ್ಲಿನದು. ಇದನ್ನು ಬರೆಯದಿದ್ದರೆ ಬಲ್ಬು ಹಿಡಿದು ಬಂದವರು ಬಂದ ದಾರಿಗೆ ಸುಂಕವಿಲ್ಲದಂತೆ ಹಿಂತಿರುಗುತ್ತಾರೆ. ಆಗಾಗ ಆರಿ, ಕೆಲ ನಿಮಿಷದ ಮೇಲೆ ತಾನಾಗಿ ಹೊತ್ತಿಕೊಳ್ಳುವ ಹಳದಿ ಸೋಡಿಯಂ ದೀಪದ್ದು ಇನ್ನೂ ಪೇಚು: ಬಲ್ಬಿನ ಆಯುಸ್ಸು ಮುಗಿದಿರುತ್ತದೆ, ಆದರೆ ನೋಡಲು ಬಂದಾಗ ಉರಿಯುತ್ತಿರುತ್ತದೆ, "ದೋಷವಿಲ್ಲ" ಎಂದು ದೂರು ಮುಗಿಯುತ್ತದೆ. "ಹೊತ್ತಿ ಆರುತ್ತದೆ" ಎಂದೇ ಬರೆಯಿರಿ, ಚಿಕ್ಕ ವಿಡಿಯೋ ಇದ್ದರೆ ಒಳ್ಳೆಯದು.

ಕಂಬ ಮುಟ್ಟಿದರೆ ಶಾಕ್, ತಂತಿ ಜೋತುಬಿದ್ದಿದೆ ಎಂದಾದರೆ ದೂರು ಕೊಡುವ ಆ್ಯಪ್ ಬಿಡಿ, ದೂರ ನಿಂತು ವಿದ್ಯುತ್ ತುರ್ತು ಸಂಖ್ಯೆಗೆ ಕರೆಮಾಡಿ. ಅಲ್ಲಿ ಹತ್ತು ಜನ ಕರೆದರೂ ತಪ್ಪಿಲ್ಲ.