ಬಾಡಿಗೆ ಹುಲಿ ಸಿಗುತ್ತಾ?

ಶಿವಮೊಗ್ಗದ ನಮ್ಮ ಬಡಾವಣೆಯ ಟೆನಿಸ್ ಬಾಲ್ ಕ್ರಿಕೆಟ್ ಟೂರ್ನಿಯ ವಾಟ್ಸಾಪ್ ಗ್ರೂಪಿಗೆ ಮೊನ್ನೆ ಒಬ್ಬ ಹುಡುಗ ಹಳೇ ವಿಡಿಯೋ ಹಾಕಿದ. ಅದೇ, ಅಮೆರಿಕದ ಲೂಯಿಸಿಯಾನ ರಾಜ್ಯದಲ್ಲಿ ಪಂದ್ಯಕ್ಕೆ ತಂದಿದ್ದ ಹುಲಿ. ಕೆಳಗೊಂದು ಸಾಲು: 'ಫೈನಲ್ ದಿನ ನಾವೂ ತ್ಯಾವರೆಕೊಪ್ಪದ ಹುಲಿ-ಸಿಂಹ ಸಫಾರಿಯಲ್ಲಿ ಒಂದು ಕೇಳಿ ನೋಡೋಣ್ವಾ?' ಹನ್ನೊಂದು ಜನ ಹೆಬ್ಬೆರಳು ಎತ್ತಿದರು. ನಮ್ಮ ತಂಡದ ಹೆಸರಲ್ಲಿ ಟೈಗರ್ಸ್ ಅಂತ ಇದೆಯಲ್ಲ, ಅದಕ್ಕೆ. ಸದ್ಯ, ಡೈನೋಸಾರ್ಸ್ ಅಂತ ಇಟ್ಟಿಲ್ಲ.

ಕತೆ ಇಷ್ಟು. ಅಲ್ಲಿನ ವಿಶ್ವವಿದ್ಯಾಲಯ ಮೈಕ್ ಅನ್ನೋ ಹುಲಿ ಸಾಕಿಕೊಂಡಿದೆ. ಹೆಸರು ಒಂದೇ, ಹುಲಿ ಮಾತ್ರ ಬದಲಾಗುತ್ತಾ ಈಗ ಏಳನೆಯದು. ಪಾಪ, ಅದನ್ನು ಮೈದಾನಕ್ಕೆ ತರೋದನ್ನು ಅವರು ಯಾವಾಗಲೋ ನಿಲ್ಲಿಸಿದ್ದರು. ಆದರೆ ಗವರ್ನರ್ ಜೆಫ್ ಲ್ಯಾಂಡ್ರಿ ಅವರಿಗೆ (ಅಲ್ಲಿ ಗವರ್ನರ್ ಅಂದರೆ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ) ಹುಲಿ ಬೇಕೇ ಬೇಕು. ಮೈಕ್ ಸಿಗದಿದ್ದರೆ ಇನ್ನೊಂದು ಶಾಮಿಯಾನ ಅಂಗಡಿಯಿಂದ ತರ್ತೀವಲ್ಲ, ಹಾಗೇ ಫ್ಲಾರಿಡಾದಿಂದ ಒಮರ್ ಬ್ರಾಡ್ಲಿ ಅನ್ನೋ ಬೇರೆ ಹುಲಿ ಬಂತು. 2024ರ ನವೆಂಬರ್, ಅಮೆರಿಕನ್ ಫುಟ್‌ಬಾಲ್ ಪಂದ್ಯ. ಲಕ್ಷಕ್ಕೂ ಜಾಸ್ತಿ ಜನ ಹಿಡಿಯುವ ಸ್ಟೇಡಿಯಂ, ನಡುವೆ ಬೋನಿನಲ್ಲಿ ಹುಲಿ. ಅದರ ಸ್ಫೂರ್ತಿಯಿಂದ ತಂಡ ಘರ್ಜಿಸಿ, ಅಲಬಾಮಾ ಎದುರು 42-13ರಲ್ಲಿ ಸೋತಿತು.

ಅಮೆರಿಕದವರನ್ನು ನೋಡಿ ನಗೋದು ಸುಲಭ. ನಾವೇನು ಕಮ್ಮಿ? ತೋಟಕ್ಕೆ ಆನೆ ಬಂದರೆ ಅರಣ್ಯ ಇಲಾಖೆಗೆ ಹತ್ತು ಫೋನ್, ನೆಹರು ರಸ್ತೆಗೆ ಬಂದರೆ ಸೆಲ್ಫಿ. 2023ರ ನಮ್ಮೂರ ದಸರಾದಲ್ಲಿ ಸಕ್ರೆಬೈಲಿನ ಆನೆ ಬಿಡಾರದಿಂದ ಜಂಬೂ ಸವಾರಿಗೆ ಬಂದಿದ್ದ ನೇತ್ರಾವತಿ ಅನ್ನೋ ಆನೆ ಮೆರವಣಿಗೆಯ ಹಿಂದಿನ ರಾತ್ರಿ ಇಲ್ಲೇ ಊರೊಳಗೆ ಮರಿ ಹಾಕಿದಳು. ಊರಿಗೆ ಊರೇ ಸಿಹಿ ಸುದ್ದಿ ಹಂಚಿತು. ನಾನೂ ನಾಲ್ಕು ಜನಕ್ಕೆ ಫಾರ್ವರ್ಡ್ ಮಾಡಿದೆ, ಸುಳ್ಳು ಯಾಕೆ ಹೇಳಲಿ. ಆಮೇಲೆ ರಾತ್ರಿ ಮಲಗಿದಾಗ ತಲೆಗೆ ಬಂತು. ಆನೆಯ ಬಸಿರು ಸುಮಾರು 22 ತಿಂಗಳು. ಲೆಕ್ಕ ಹಾಕೋಕೆ ಟೈಮ್ ಸಾಕಷ್ಟಿತ್ತು, ಅಲ್ವಾ? ನಮ್ಮ ಮನೆಗಳಲ್ಲಿ ಏಳು ತಿಂಗಳ ಬಸುರಿಯನ್ನು ತೀರ್ಥಹಳ್ಳಿ ಬಸ್ಸಿಗೆ ಹತ್ತಿಸೋಕೂ ಅತ್ತೆಯಂದಿರು ಬಿಡಲ್ಲ.

ರಷ್ಯಾದ ಪ್ಯಾಟಿಗೋರ್ಸ್ಕ್‌ನಲ್ಲಿ 2018ರಲ್ಲಿ ಫುಟ್‌ಬಾಲ್ ಪಂದ್ಯಕ್ಕೆ ಮೊದಲು ಕರಡಿ ಕೈಲಿ ಚಪ್ಪಾಳೆ ಹೊಡೆಸಿ, ಅದರ ಕೈಯಿಂದಲೇ ರೆಫರಿಗೆ ಚೆಂಡು ಕೊಡಿಸಿದರು. ಬಾಯಿಗೆ ಕುಕ್ಕೆ ಕಟ್ಟಿತ್ತು. ಅತಿಥಿಗೆ ಭಾಷಣ ಇರಲಿಲ್ಲ ಅಂತ ಕಾಣುತ್ತೆ. ನಮ್ಮ ಸಮಾರಂಭಗಳಲ್ಲೂ ಕೆಲವರಿಗೆ ಹೀಗೇ ಮಾಡಬಹುದಿತ್ತು.

ಜುಮಾ ಅನ್ನೋ ಜಾಗ್ವಾರ್ (ಚಿರತೆಯಂಥ ದೊಡ್ಡ ಬೆಕ್ಕು) ವಿಷಯಕ್ಕೆ ಬಂದರೆ ಮಾತ್ರ ನನಗೆ ತಮಾಷೆ ಬರಲ್ಲ. 2016ರ ಜೂನ್, ಬ್ರೆಜಿಲ್‌ನ ಮನಾಸ್. ಒಲಿಂಪಿಕ್ ಜ್ಯೋತಿಯ ಪಕ್ಕ ಫೋಟೋಗೆ ಅಂತ ಅದನ್ನು ಸರಪಳಿ ಹಾಕಿ ನಿಲ್ಲಿಸಿದರು. ಕಾರ್ಯಕ್ರಮ ಮುಗಿದ ಮೇಲೆ ತಪ್ಪಿಸಿಕೊಂಡಿತು. ಅರಿವಳಿಕೆ ಹೊಡೆದರು. ಆದರೂ ಸೈನಿಕನ ಕಡೆ ಬಂತು ಅಂತ ಪಿಸ್ತೂಲಿನಲ್ಲಿ ಕೊಂದರು. ಆ ಸಲದ ಬ್ರೆಜಿಲ್ ತಂಡದ ಮ್ಯಾಸ್ಕಾಟ್ ಯಾವುದು ಗೊತ್ತಾ? ಜಾಗ್ವಾರ್. ಹಳದಿ ಬಟ್ಟೆಯ ನಗುವ ಗೊಂಬೆ. ಗೊಂಬೆ ಸಾಕಾಗಿತ್ತಲ್ಲ ಮಾರಾಯ್ರೆ! ಒಂದು ಫೋಟೋಗೆ ಒಂದು ಜೀವ. ಆಮೇಲೆ 'ತಪ್ಪಾಯ್ತು' ಅಂತ ಹೇಳಿಕೆ. ಯಾರಿಗೆ ಹೇಳಿದ್ದು ಅದು?

ಇರಲಿ. ನಮ್ಮ ಗ್ರೂಪಿನಲ್ಲಿ ನಾನು, ಹುಲಿ ಬೇಡ, ಹುಲಿವೇಷದವರನ್ನು ಕರೆಸಿ ಅಂದೆ. ಒಪ್ಪಿದರು. ತೀರ್ಥಹಳ್ಳಿ ಕಡೆಯ ಒಬ್ಬರಿಗೆ ಫೋನ್ ಹೋಯ್ತು. ಅವರು ಕೇಳಿದ್ದಿಷ್ಟು: ಮೈಗೆ ಬಣ್ಣ ಬಳಿದುಕೊಂಡು ಬಿಸಿಲಲ್ಲಿ ಒಂದು ಗಂಟೆಗಿಂತ ಜಾಸ್ತಿ ನಿಲ್ಲೋಕಾಗಲ್ಲ, ನಡುನಡುವೆ ಕುಡಿಯೋಕೆ ಏನಾದರೂ ಕೊಡಬೇಕು, ಡಿಜೆ ಬಾಕ್ಸ್ ಪಕ್ಕ ನಿಲ್ಲಿಸಬೇಡಿ ಕಿವಿ ಹೋಗುತ್ತೆ, ಸೆಲ್ಫಿಗೆ ಬಂದವರು ಬಾಲ ಎಳೆಯಬಾರದು.

'ಇವರದ್ದು ಜಾಸ್ತಿ ಆಯ್ತು' ಅಂತ ಸಮಿತಿ ಕ್ಯಾನ್ಸಲ್ ಮಾಡಿತು. ತ್ಯಾವರೆಕೊಪ್ಪದ ನಂಬರ್ ಯಾರ ಹತ್ರ ಇದೆ ಅಂತ ಗ್ರೂಪಿನಲ್ಲಿ ಮತ್ತೆ ಕೇಳುತ್ತಿದ್ದಾರೆ.