ತಲೆ ತಗ್ಗಿಸಿ ನೋಡಿದ ಲಿಸ್ಬನ್

ಪೋರ್ಚುಗಲ್‌ನ ಲಿಸ್ಬನ್‌ನಲ್ಲಿ ಏನೇನು ನೋಡಿದಿರಿ ಎಂದು ಯಾರಾದರೂ ಕೇಳಿದರೆ ನನಗೆ ಸ್ವಲ್ಪ ಮುಜುಗರ. ಎರಡೂವರೆ ದಿನ ಇದ್ದೆವು, ನಾನು ಹೆಚ್ಚಾಗಿ ನೋಡಿದ್ದು ನೆಲ. ಕೋಟೆ, ಚರ್ಚು, ಹಳದಿ ಟ್ರಾಮು ಎಲ್ಲಾ ಇವರ ಫೋನಿನಲ್ಲಿವೆ. ನನ್ನ ಫೋನಿನಲ್ಲಿ ಬರೀ ಕಲ್ಲುಗಳು. ಒಂದರಲ್ಲಿ ಇವರ ಎಡಗಾಲಿನ ಬೂಟೂ ಇದೆ.

ತಪ್ಪು ನನ್ನದಲ್ಲ. ಆ ಊರಿನ ಫುಟ್‌ಪಾತುಗಳಲ್ಲಿ ಸಿಮೆಂಟು ಕಾಣುವುದು ಕಡಿಮೆ. ಬೆಲ್ಲದ ಅಚ್ಚಿನಂಥ ಸಣ್ಣ ಸಣ್ಣ ಬಿಳಿ ಸುಣ್ಣಕಲ್ಲು, ನಡುನಡುವೆ ಕಪ್ಪು ಕಲ್ಲು, ಒಂದೊಂದನ್ನೂ ಕೈಯಲ್ಲೇ ಕೂರಿಸಿದ್ದು. ಕಾಲ್ಸಾದ ಅಂತ ಅದರ ಹೆಸರು. ಜನ ತುಳಿದು ತುಳಿದು ಅವು ಹಳೇ ದೇವಸ್ಥಾನದ ಹೊಸ್ತಿಲಿನ ಹಾಗೆ ನುಣುಪಾಗಿವೆ. ಊರು ಸಪಾಟಾಗಿದ್ದರೆ ಅಡ್ಡಿಯಿರಲಿಲ್ಲ, ಆದರೆ ಇದಕ್ಕೆ ಏಳು ಗುಡ್ಡದ ಊರು ಅಂತಲೇ ಖ್ಯಾತಿ. ಅಲ್ಲಿಗೆ ಹೋದ ಮೇಲೆ ಏಳಕ್ಕೇ ಎಣಿಕೆ ನಿಲ್ಲಿಸಿದವರು ಯಾರು ಅಂತ ಅನುಮಾನ ಬರುತ್ತದೆ.

ಈ ಚಿತ್ತಾರದ ನೆಲ ಶುರುವಾದದ್ದು 1842ರಲ್ಲಿ, ಗುಡ್ಡದ ಮೇಲಿನ ಸಾವ್ ಜಾರ್ಜ್ ಕೋಟೆಯಲ್ಲಿ. ಅಲ್ಲಿದ್ದ ಸೇನಾಧಿಕಾರಿ ಸೆರೆಯಾಳುಗಳ ಕೈಯಲ್ಲಿ ಕಪ್ಪು ಬಿಳುಪು ಕಲ್ಲು ಹಾಸಿಸಿದ. ಜನಕ್ಕೆ ಅದು ಎಷ್ಟು ಹಿಡಿಸಿತು ಅಂದರೆ, ಕೆಲವೇ ವರ್ಷಗಳಲ್ಲಿ ಊರ ನಡುವಿನ ರೊಸಿಯೊ ಚೌಕಕ್ಕೂ ಇದೇ ಬಂತು. ಅಲ್ಲಿ ಚೌಕದ ತುಂಬಾ ಅಲೆ ಅಲೆಯಾಗಿ ಕಲ್ಲು ಹಾಕಿ, ಅದಕ್ಕೆ ವಿಶಾಲ ಸಮುದ್ರ ಅಂತ ಹೆಸರನ್ನೂ ಇಟ್ಟಿದ್ದಾರೆ. ನೆಲ ಮಟ್ಟಸವಾಗಿಯೇ ಇದೆ, ಇವರು ನಾಲ್ಕು ಸಲ ಹೇಳಿದರು. ಆದರೆ ಕಣ್ಣು ಕೇಳಬೇಕಲ್ಲ! ಇಲ್ಲದ ಉಬ್ಬಿಗೆ ಕಾಲೆತ್ತಿ, ಇಲ್ಲದ ತಗ್ಗಿಗೆ ಕಾಲಿಳಿಸಿ, ಹೊಸದಾಗಿ ದೋಣಿ ಹತ್ತಿದವರ ಹಾಗೆ ದಾಟಿದೆ.

"ತಲೆ ಎತ್ತಿ ನೋಡು ಮಾರಾಯ್ತಿ, ಇಷ್ಟು ದುಡ್ಡು ಕೊಟ್ಟು ಬಂದದ್ದು ನೆಲ ನೋಡಲಿಕ್ಕಾ?" ಇವರದು ಎರಡೂ ದಿನ ಇದೇ ಹಾಡು.

ಜಾರುವ ನೆಲ ನನಗೇನು ಹೊಸದಲ್ಲ. ನಮ್ಮ ಕರಾವಳಿಯಲ್ಲಿ ಆಟಿ ತಿಂಗಳು ಬಂತೆಂದರೆ ಅಂಗಳದ ತುಂಬಾ ಪಾಚಿ. ಬಾವಿಕಟ್ಟೆಗೆ ಹೋಗುವ ದಾರಿಗೆ ಸೋಗೆ ಹಾಸುತ್ತಿದ್ದರು. ಸೋಗೆ ಇಲ್ಲದ ಕಡೆ ಹೆಬ್ಬೆರಳು ಊರಿ ನಡಿ ಅಂತ ಅಜ್ಜಿ ಕಲಿಸಿದ್ದಳು. ಆ ವಿದ್ಯೆ ಇವತ್ತಿಗೂ ಕಾಲಲ್ಲಿದೆ, ಆದರೆ ಬರಿಗಾಲಿಗೆ ಮಾತ್ರ. ಪ್ರವಾಸಕ್ಕೆಂದೇ ಮಗ ಕೊಡಿಸಿದ ದಪ್ಪ ಅಟ್ಟೆಯ ಬೂಟಿನೊಳಗೆ ಹೆಬ್ಬೆರಳು ಎಷ್ಟು ಊರಿದರೂ ಕಲ್ಲಿಗೆ ಸುದ್ದಿ ಮುಟ್ಟುವುದಿಲ್ಲ.

ಎರಡನೇ ದಿನ ಜಿಟಿಜಿಟಿ ಮಳೆಯಲ್ಲಿ ಅಲ್ಫಾಮಾದ ಓಣಿಗಳಲ್ಲಿ ಇಳಿಯುತ್ತಿದ್ದೆವು. ಹಳೇ ಕೇರಿ ಅದು, ಎದುರುಬದುರು ಮನೆಯವರು ಕೈ ಚಾಚಿ ಸಕ್ಕರೆ ಕೊಡಬಹುದು, ಅಷ್ಟು ಇಕ್ಕಟ್ಟು. ಕಿಟಕಿಗಳಲ್ಲಿ ಬಟ್ಟೆ ಒಣಗುತ್ತಿತ್ತು, ಮಳೆಯಲ್ಲೂ! ಅದನ್ನು ನೋಡಲೆಂದು ಒಂದೇ ಒಂದು ಸಲ ತಲೆ ಎತ್ತಿದೆ. ಸರ್ರನೆ ಕಾಲು ಹೋಯಿತು. ಬೀಳಲಿಲ್ಲ, ಇವರ ಜಾಕೆಟ್ಟಿನ ತೋಳು ಸ್ವಲ್ಪ ಹರಿಯಿತು ಅಷ್ಟೆ. ಎಪ್ಪತ್ತು ದಾಟಿದ ಒಬ್ಬ ಅಜ್ಜಿ, ಎರಡೂ ಕೈಯಲ್ಲಿ ತರಕಾರಿ ಚೀಲ ಹಿಡಿದು ಸರಸರ ಹತ್ತುತ್ತಿದ್ದವರು, ನಿಂತು "ದೆವಗಾರ್, ದೆವಗಾರ್" ಅಂದರು. ದೇವರು ಕಾಯಲಿ ಅನ್ನುತ್ತಿದ್ದಾರೆ ಅಂದುಕೊಂಡು ಕೈ ಮುಗಿದೆ. ನಿಧಾನ ಅಂತ ಅರ್ಥವಂತೆ, ಆಮೇಲೆ ಗೊತ್ತಾಯಿತು.

ನಡೆಯುವ ಸಹವಾಸವೇ ಬೇಡ ಅಂತ 28ನೇ ನಂಬರಿನ ಟ್ರಾಮು ಹತ್ತಿದೆವು. ಮುಕ್ಕಾಲು ಗಂಟೆ ಕ್ಯೂ, ಒಳಗೆ ನಿಲ್ಲಲಿಕ್ಕೂ ಜಾಗವಿಲ್ಲ, ಜೇಬುಗಳ್ಳರಿದ್ದಾರೆ ಅಂತ ಬೇರೆ ಎಚ್ಚರಿಕೆ. ಕೊನೆಯ ಸ್ಟಾಪಿನ ಹೆಸರು ಪ್ರಜೆರಿಶ್, ಅಂದರೆ ಸುಖಗಳು. ಇಳಿದು ನೋಡಿದರೆ ಎದುರಿಗಿರುವುದು ಸ್ಮಶಾನ. ಅಲ್ಲಿ ನೆಲ ಪರವಾಗಿಲ್ಲ.

ಇಷ್ಟಕ್ಕೂ ಆ ಊರಲ್ಲಿ ನೆಲವನ್ನು ನಂಬದವರಲ್ಲಿ ನಾನು ಮೊದಲಿಗಳೇನಲ್ಲ. 1755ರ ನವೆಂಬರ್ 1, ಎಲ್ಲ ಸಂತರ ಹಬ್ಬದ ಬೆಳಿಗ್ಗೆ, ಚರ್ಚುಗಳು ತುಂಬಿದ್ದ ಹೊತ್ತಿಗೆ ಭೂಮಿ ನಡುಗಿತು. ಜನ ಬಯಲು ಅಂತ ನದಿ ದಡಕ್ಕೆ ಓಡಿದರೆ ಅಲ್ಲಿಗೆ ಸಮುದ್ರದ ಅಲೆ ನುಗ್ಗಿತು, ಹಬ್ಬಕ್ಕೆ ಹಚ್ಚಿದ್ದ ದೀಪಗಳಿಂದ ಹೊತ್ತಿದ ಬೆಂಕಿ ದಿನಗಟ್ಟಲೆ ಉರಿಯಿತು. ಆಮೇಲೆ ತಗ್ಗಿನ ಬೈಶಾ ಪೇಟೆಯನ್ನು ಹೊಸದಾಗಿ ನೇರ ಬೀದಿಗಳಲ್ಲಿ ಕಟ್ಟುವಾಗ ಗೋಡೆಯೊಳಗೆ ಮರದ ಪಂಜರ ಇಟ್ಟರು, ಮತ್ತೆ ನಡುಗಿದರೂ ಮನೆ ನಿಲ್ಲಲಿ ಅಂತ. ಕಾರ್ಮೊ ಚರ್ಚಿಗೆ ಮಾತ್ರ ಚಾವಣಿ ಮತ್ತೆ ಬರಲಿಲ್ಲ. ಬರೀ ಕಮಾನುಗಳು ನಿಂತಿವೆ, ಮೇಲೆ ಆಕಾಶ. ಅಲ್ಲಿ ಒಂದು ಕಂಬ ಹಿಡಿದುಕೊಂಡು ತುಂಬಾ ಹೊತ್ತು ಮೇಲೆ ನೋಡಿದೆ.

ಇನ್ನೊಂದು ಕಡೆ ತಲೆ ಎತ್ತಿದ್ದು ಬೆಲೆಮ್‌ನ ಜೆರೋನಿಮೋಸ್ ಮಠದಲ್ಲಿ. ಒಳಗೆ ನೆಲ ಸಪಾಟು. ತೆಳ್ಳಗಿನ ಕಂಬಗಳು ನೇರ ಮೇಲೆ ಹೋಗಿ, ಚಾವಣಿಯಲ್ಲಿ ಗರಿ ಬಿಚ್ಚಿ ಒಂದಕ್ಕೊಂದು ತಾಗುತ್ತವೆ. ಥೇಟ್ ಅಡಿಕೆ ತೋಟ. ಬಾಗಿಲ ಹತ್ತಿರವೇ ವಾಸ್ಕೋ ಡ ಗಾಮನ ಸಮಾಧಿ. ಆಸಾಮಿ ಸತ್ತದ್ದು 1524ರಲ್ಲಿ ಕೊಚ್ಚಿಯಲ್ಲಿ, ಮೂಳೆಗಳನ್ನು ಆಮೇಲೆ ಇಲ್ಲಿಗೆ ತಂದರು. ಅವನ ಹಿಂದೆ ಬಂದ ಪೋರ್ಚುಗೀಸರ ಜೊತೆ ನಮ್ಮ ಉಳ್ಳಾಲದ ಅಬ್ಬಕ್ಕ ಬಡಿದಾಡಬೇಕಾಯಿತು. ಎರಡು ದಿನ ತಲೆ ತಗ್ಗಿಸಿಯೇ ನಡೆದವಳು ಅಲ್ಲಿ ಬೇಕೆಂದೇ ನೆಟ್ಟಗೆ ನಿಂತು ಚಾವಣಿ ನೋಡಿದೆ. ಇವರಿಗೆ ಅದು ಅರ್ಥವಾಗಲಿಲ್ಲ, ಕತ್ತು ಹಿಡಿಯಿತಾ ಅಂತ ಕೇಳಿದರು.

ಕೊನೆಯ ಬೆಳಿಗ್ಗೆ ರೂಮಿನ ಕೀಲಿ ಕೊಡುವಾಗ ಮನೆಯಾಕೆ "ಶಾವ್?" ಅಂತ ಕೈ ಚಾಚಿದಳು. ನಮ್ಮ ಚಾವಿಯೇ ಅದು, ಅವರಿಂದಲೇ ಬಂದ ಪದ. ಕೊಟ್ಟು ಕೆಳಗೆ ಬಂದರೆ ಫುಟ್‌ಪಾತಿನಲ್ಲಿ ಒಬ್ಬ ಕಿತ್ತುಹೋದ ಕಲ್ಲು ಕೂರಿಸುತ್ತಿದ್ದ. ಕುಳ್ಳು ಸ್ಟೂಲು, ಎಡ ಅಂಗೈಯಲ್ಲಿ ಕಲ್ಲು, ಬಲಗೈಯಲ್ಲಿ ಸುತ್ತಿಗೆ. ಟಕ್ ಟಕ್ ಎರಡೇ ಏಟು, ಬೇಕಾದ ಮೂಲೆ ಹಾರಿತು, ಕಲ್ಲು ಮರಳಲ್ಲಿ ಕೂತಿತು. ತೆಂಗಿನಕಾಯಿ ಒಡೆಯುವ ಹಾಗೆ, ಅಂಗೈ ಕಡೆ ನೋಡುವುದೂ ಇಲ್ಲ. ನಾನು ನಿಂತೆ, ಇವರೂ ನಿಂತರು. ಟ್ಯಾಕ್ಸಿಯವನು ಹಾರ್ನ್ ಹಾಕುವವರೆಗೂ ಇಬ್ಬರೂ ತಲೆ ತಗ್ಗಿಸಿಕೊಂಡೇ ಇದ್ದೆವು.

"ನಮ್ಮ ಅಂಗಳಕ್ಕೂ ಇಂಥದ್ದೇ ಹಾಕಿಸಿದರೆ ಹೇಗೆ?" ಅಂದರು ಟ್ಯಾಕ್ಸಿಯಲ್ಲಿ.

"ಹಾಕಿಸಿ, ಆಟಿಯಲ್ಲಿ ಬಾವಿಗೆ ನೀವೇ ಹೋಗಿ," ಅಂದೆ.