ಅಪ್ಪ ಎಲ್ಲಿಗೆ ಹೋದರು ಅಂತ ಕೇಳಿದ ಚಾಟ್‌ಬಾಟ್

ಅಪ್ಪ ಹೋಗಿ ಮೂರು ತಿಂಗಳಾಗಿತ್ತು. ಮನೆಯ ಗ್ಯಾಸ್ ಕನೆಕ್ಷನ್ ಇನ್ನೂ ಅವರ ಹೆಸರಲ್ಲೇ ಇತ್ತು. ಸಿಲಿಂಡರ್ ಬುಕ್ ಮಾಡಿದಾಗಲೆಲ್ಲ ಅವರ ಹೆಸರು ಹಿಡಿದೇ ಮೆಸೇಜ್ ಬರುತ್ತಿತ್ತು, ಅಮ್ಮನಿಗೆ ಅದನ್ನು ನೋಡೋಕೆ ಆಗುತ್ತಿರಲಿಲ್ಲ. ಒಂದು ಸಂಜೆ ತಾನೇ ವಾಟ್ಸಾಪ್ ತೆಗೆದು ಆ ಕಂಪನಿಯ ಚಾಟ್‌ಬಾಟ್‌ಗೆ ಬರೆದಳು: "ನಮ್ಮ ಯಜಮಾನರು ಹೋಗಿ ಮೂರು ತಿಂಗಳಾಯ್ತು. ಕನೆಕ್ಷನ್ ನನ್ನ ಹೆಸರಿಗೆ ಮಾಡಿಕೊಡಿ."

ಉತ್ತರ ತಕ್ಷಣ ಬಂತು. ಮೊದಲು ಒಂದು ನಗುಮುಖ. ಆಮೇಲೆ, "ಖಂಡಿತ! ನಿಮಗೆ ಸಹಾಯ ಮಾಡಲು ಸಂತೋಷವಾಗುತ್ತದೆ. ಅವರು ಹೋಗಿರುವ ಸ್ಥಳದ ಹೊಸ ವಿಳಾಸ ಮತ್ತು ಪಿನ್‌ಕೋಡ್ ನಮೂದಿಸಿ."

ಅಮ್ಮ ಫೋನನ್ನು ನನ್ನ ಕೈಗಿಟ್ಟು, "ನೋಡೇ, ನಿಮ್ಮಪ್ಪ ಎಲ್ಲಿಗೆ ಹೋದ್ರು ಅಂತ ಕೇಳ್ತಿದೆ ಇದು" ಅಂದಳು. ಅಷ್ಟು ಹೇಳಿ ಒಳಗೆ ಹೋದಳು.

ಯಾವ ಕಂಪನಿ ಅನ್ನೋದು ಇಲ್ಲಿ ಬೇಡ. ಯಾಕೆಂದರೆ ನಾನೂ ಇದೇ ಕೆಲಸದವಳು. ಚಾಟ್‌ಬಾಟ್‌ಗಳಿಗೆ ಕನ್ನಡದ ಮಾತು ಬರೆದುಕೊಡೋದು ನನ್ನ ಹೊಟ್ಟೆಪಾಡು. ಆ ಸಂಜೆಯಿಂದ ಇದನ್ನು ಬರೆಯಬೇಕು ಅಂದುಕೊಂಡಿದ್ದೆ, ಇವತ್ತು ಕೂತೆ.

ನಮ್ಮ ಮೀಟಿಂಗ್‌ಗಳಲ್ಲಿ ಮತ್ತೆ ಮತ್ತೆ ಬರುವ ಮಾತು ಒಂದೇ: "ಇದನ್ನ ಇನ್ನೂ ಸ್ವಲ್ಪ ಹ್ಯೂಮನ್ ಮಾಡಿ." ಹಾಗಂದರೆ ಏನು ಅಂತ ಕೇಳಿದರೆ ಬಾಟ್‌ಗೊಂದು ಹುಡುಗಿಯ ಹೆಸರಿಡಿ, ಎಮೋಜಿ ಹಾಕಿ, "ಅಯ್ಯೋ", "ವಾವ್" ಸೇರಿಸಿ ಅನ್ನುತ್ತಾರೆ. ಉತ್ತರ ಸಿದ್ಧವಾಗಿದ್ದರೂ ಎರಡು ಸೆಕೆಂಡ್ ತಡೆದು, ಟೈಪ್ ಮಾಡುತ್ತಿರುವ ಹಾಗೆ ಮೂರು ಚುಕ್ಕಿ ಕುಣಿಸುವುದೂ ಉಂಟು. ಅಮ್ಮನ ಜೊತೆ ಮಾತಾಡಿದ ಬಾಟ್‌ಗೂ ಒಂದು ಚೆಂದದ ಹೆಸರಿತ್ತು, ನಗುಮುಖ ಇತ್ತು, "ಸಂತೋಷವಾಗುತ್ತದೆ" ಇತ್ತು. ಎದುರಿಗಿರುವವರು ಏನು ಹೇಳಿದರು ಅನ್ನೋದು ಮಾತ್ರ ಅದರ ಕಿವಿಗೆ ಬಿದ್ದಿರಲಿಲ್ಲ.

ಮನುಷ್ಯರ ಹಾಗೆ ಕಾಣಿಸೋದು ಕಷ್ಟವೇ ಅಲ್ಲ. ಅದು 60 ವರ್ಷದ ಹಿಂದೆಯೇ ಆಗಿಹೋಗಿದೆ. 1966ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಜೋಸೆಫ್ ವೈಜೆನ್‌ಬಾಮ್ ಅನ್ನುವ ಕಂಪ್ಯೂಟರ್ ವಿಜ್ಞಾನಿ ಎಲಿಜಾ ಅನ್ನುವ ಪ್ರೋಗ್ರಾಂ ಪ್ರಕಟಿಸಿದರು. ಅದು ಮನೋವೈದ್ಯರಂತೆ ನಟಿಸುತ್ತಿತ್ತು. ನೀವು "ನನಗೆ ಬೇಜಾರಾಗಿದೆ" ಅಂದರೆ, "ಯಾಕೆ ಬೇಜಾರಾಗಿದೆ?" ಅಂತ ನಿಮ್ಮದೇ ಮಾತನ್ನು ತಿರುಗಿಸಿ ಕೇಳುವುದು ಅದರ ಒಟ್ಟು ವಿದ್ಯೆ. ಅದನ್ನು ಕಟ್ಟುವುದನ್ನು ತಿಂಗಳುಗಟ್ಟಲೆ ಕಣ್ಣಾರೆ ನೋಡಿದ್ದ ಅವರ ಸೆಕ್ರೆಟರಿಯೇ ಒಂದಿಷ್ಟು ಹೊತ್ತು ಅದರ ಜೊತೆ ಮಾತಾಡಿ, ನೀವು ಸ್ವಲ್ಪ ಆಚೆ ಹೋಗ್ತೀರಾ ಅಂತ ವೈಜೆನ್‌ಬಾಮ್ ಅವರನ್ನೇ ಕೇಳಿದರಂತೆ. ವೈಜೆನ್‌ಬಾಮ್ ಗಾಬರಿಯಾಗಿದ್ದು ಇದಕ್ಕೆ. ಮುಂದೆ 1976ರಲ್ಲಿ ಇಂಥ ಯಂತ್ರಗಳಿಗೆ ಏನನ್ನು ಒಪ್ಪಿಸಬಾರದು ಅಂತ ಪುಸ್ತಕವನ್ನೇ ಬರೆದರು.

2014ರಲ್ಲಿ ಲಂಡನ್ನಿನ ಸ್ಪರ್ಧೆಯೊಂದರಲ್ಲಿ ಯೂಜೀನ್ ಗೂಸ್ಟ್‌ಮನ್ ಅನ್ನುವ ಬಾಟ್ ತಾನು ಮನುಷ್ಯ ಅಂತ ಮೂರರಲ್ಲೊಂದು ಪಾಲು ತೀರ್ಪುಗಾರರನ್ನು ನಂಬಿಸಿತು. ಹೇಗೆ? ತಾನು 13 ವರ್ಷದ ಉಕ್ರೇನ್ ಹುಡುಗ ಅಂತ ಹೇಳಿಕೊಂಡಿತು. ಗೊತ್ತಿಲ್ಲದ್ದು ಬಂದರೆ ಚಿಕ್ಕವನು, ಇಂಗ್ಲಿಷ್ ತಪ್ಪಿದರೆ ಹೊರಗಿನವನು. 2018ರಲ್ಲಿ ಗೂಗಲ್‌ನ ಡುಪ್ಲೆಕ್ಸ್ ಅನ್ನುವ ಪ್ರೋಗ್ರಾಂ ಸಲೂನಿಗೆ ಫೋನ್ ಮಾಡಿ, ಮಧ್ಯೆ ಮಧ್ಯೆ "ಉಂ" ಅನ್ನುತ್ತಾ ಅಪಾಯಿಂಟ್‌ಮೆಂಟ್ ತಗೊಂಡದ್ದನ್ನು ಕಂಪನಿಯ ಸಮ್ಮೇಳನದಲ್ಲಿ ಕೇಳಿಸಿದಾಗ ಸಭಾಂಗಣವೇ ಚಪ್ಪಾಳೆ ತಟ್ಟಿತು. ಆಚೆ ಕಡೆ ಫೋನ್ ಎತ್ತಿದಾಕೆಗೆ ತಾನು ಯಾರ ಜೊತೆ ಮಾತಾಡಿದೆ ಅಂತ ಗೊತ್ತೇ ಇರಲಿಲ್ಲ. ಟೀಕೆ ಬಂದ ಮೇಲೆ, ಕರೆಯಲ್ಲಿ ಅದು ತನ್ನ ಪರಿಚಯ ಹೇಳಿಕೊಳ್ಳುತ್ತೆ ಅಂತ ಗೂಗಲ್ ಹೇಳಬೇಕಾಯಿತು. ನನಗೆ ಆ "ಉಂ" ಕೇಳಿದಾಗ ಖುಷಿಯಾಗಲಿಲ್ಲ. ನಾವು "ಉಂ" ಅನ್ನೋದು ಯೋಚಿಸುವಾಗ. ಅಲ್ಲಿ ಅದನ್ನು ಹಾಕಿದ್ದು ಯೋಚಿಸಿದ ಹಾಗೆ ಕೇಳಿಸಲಿ ಅಂತ.

ಚಾಟ್‌ಜಿಪಿಟಿಯಂಥ ಈಗಿನ ದೊಡ್ಡ ಭಾಷಾ ಮಾದರಿಗಳು ಎಲಿಜಾಗಿಂತ ಎಷ್ಟೋ ಮುಂದಿವೆ, ನಿಜ. ಅಮ್ಮನ ಆ ವಾಕ್ಯವನ್ನು ಅವುಗಳಲ್ಲಿ ಒಳ್ಳೆಯದೊಂದಕ್ಕೆ ಹಾಕಿ ನೋಡಿದೆ, ಸರಿಯಾಗಿ ಅರ್ಥ ಮಾಡಿಕೊಂಡಿತು. ಆದರೆ ಅವುಗಳಿಗೆ ಬೇರೆ ಜಾಡ್ಯ. ಬಳಸುವವರು ಯಾವ ಉತ್ತರ ಮೆಚ್ಚಿದರೋ ಅದರ ಕಡೆಗೇ ತಿದ್ದುತ್ತಾ ಹೋದರೆ ಯಂತ್ರ ಹೌದಪ್ಪನಾಗುತ್ತದೆ. 2025ರ ಏಪ್ರಿಲ್‌ನಲ್ಲಿ ಚಾಟ್‌ಜಿಪಿಟಿಯ ಒಂದು ಅಪ್‌ಡೇಟ್ ಹೀಗೇ ಎಲ್ಲದಕ್ಕೂ ಹೊಗಳೋಕೆ ಶುರು ಮಾಡಿತು, ಅದನ್ನು ತಯಾರಿಸುವ ಓಪನ್ಎಐ ಕಂಪನಿ ಕೆಲವೇ ದಿನದಲ್ಲಿ ಆ ಅಪ್‌ಡೇಟ್ ವಾಪಸ್ ತೆಗೆಯಿತು. ಇನ್ನೊಂದು ಜಾಡ್ಯ, ಗೊತ್ತಿಲ್ಲದ್ದನ್ನು ಗೊತ್ತಿರುವ ದನಿಯಲ್ಲೇ ಹೇಳೋದು. ಗೊತ್ತಿಲ್ಲ ಅನ್ನಬಾರದು, ಗಿರಾಕಿ ಹೋಗಿಬಿಡ್ತಾರೆ ಅಂತ ನಮಗೆ ಹೇಳುತ್ತಾರೆ. ಏರ್ ಕೆನಡಾ ಪ್ರಕರಣ ನೋಡಿ. ಅಜ್ಜಿ ತೀರಿಕೊಂಡವರೊಬ್ಬರಿಗೆ ಆ ಏರ್‌ಲೈನ್‌ನ ಚಾಟ್‌ಬಾಟ್, ಈಗ ಟಿಕೆಟ್ ತಗೊಳ್ಳಿ, ಸಾವಿನ ಕಾರಣದ ರಿಯಾಯಿತಿಗೆ 90 ದಿನದೊಳಗೆ ಅರ್ಜಿ ಹಾಕಬಹುದು ಅಂದಿತು. ನಿಯಮದಲ್ಲಿ ಹಾಗಿರಲಿಲ್ಲ. ಕಂಪನಿ ದುಡ್ಡು ಕೊಡಲಿಲ್ಲ. ಬಾಟ್ ಹೇಳಿದ್ದಕ್ಕೆ ತಾನು ಹೊಣೆಯಲ್ಲ ಅಂತ ವಾದಿಸಿತು. 2024ರ ಫೆಬ್ರವರಿಯಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ನ್ಯಾಯಮಂಡಳಿ ಆ ವಾದ ಒಪ್ಪದೆ ಪರಿಹಾರ ಕೊಡಿಸಿತು. ಈ ತೀರ್ಪನ್ನು ನಮ್ಮ ಟೀಮಿನಲ್ಲಿ ಎಲ್ಲರಿಗೂ ಓದಿಸಿದ್ದೇನೆ.

ಕನ್ನಡದ ವಿಷಯಕ್ಕೆ ಬರ್ತೀನಿ, ನನ್ನ ಸಂಕಟ ಇರೋದೇ ಅಲ್ಲಿ. ಬಹಳಷ್ಟು ಬಾಟ್‌ಗಳ ಮಾತು ಮೊದಲು ಇಂಗ್ಲಿಷಿನಲ್ಲಿ ಹುಟ್ಟುತ್ತೆ, ಆಮೇಲೆ ಕನ್ನಡದ ಅಂಗಿ ತೊಡುತ್ತೆ. "ನಿಮ್ಮ ಪ್ರಶ್ನೆಯನ್ನು ಪುನರ್ ನಮೂದಿಸಿ" ಅಂತ ಯಾವ ಕೌಂಟರಿನಲ್ಲೂ ಯಾರೂ ಅನ್ನಲ್ಲ, "ಇನ್ನೊಂದ್ಸಲ ಹೇಳಿ" ಅಂತಾರೆ. ಜನ ಬರೆಯೋದಂತೂ ಪುಸ್ತಕದ ಕನ್ನಡವೇ ಅಲ್ಲ. ಒಬ್ಬರು "ಸಿಲಿಂಡರ್ ಬೇಕಾಗೈತ್ರಿ" ಅಂತಾರೆ, ಇನ್ನೊಬ್ಬರು "ಬೇಕಿತ್ತು ಮಾರಾಯ್ರೆ" ಅಂತಾರೆ. ಅರ್ಧ ಜನ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಒತ್ತುತ್ತಾರೆ. "ಬೇಕಿತ್ತು" ಅನ್ನೋದನ್ನು ಭೂತಕಾಲ ಅಂತ ಓದಿ, ಈಗ ಬೇಡ ಅಂದುಕೊಂಡ ಬಾಟ್ ನಾನೇ ಕಂಡಿದ್ದೇನೆ.

ಎಲ್ಲಕ್ಕಿಂತ ನೋವಾಗೋದು "ಸರಿ ಬಿಡಿ" ಕಂಡಾಗ. ದಿನಾ ನೂರಾರು ಸಂಭಾಷಣೆ ಓದುತ್ತೇನೆ. ನಾಲ್ಕು ಸಲ ಕೇಳಿ, ನಾಲ್ಕು ಸಲವೂ ಅದೇ ಮೆನು ಬಂದಾಗ, ನಮ್ಮ ಜನ ಬೈಯಲ್ಲ. "ಸರಿ ಬಿಡಿ" ಅಂತ ಬರೆದು ಹೋಗ್ತಾರೆ. ಒಂದು ಪ್ರಾಜೆಕ್ಟಿನಲ್ಲಿ ಆ "ಸರಿ"ಯನ್ನು ಹಿಡಿದು, ಸಮಸ್ಯೆ ಬಗೆಹರಿದ ಲೆಕ್ಕಕ್ಕೆ ಹಾಕುತ್ತಿದ್ದರು. ಕೈಚೆಲ್ಲಿ ಎದ್ದು ಹೋದವರು ನಮ್ಮ ವರದಿಯಲ್ಲಿ ತೃಪ್ತ ಗಿರಾಕಿಗಳು. ಇದನ್ನು ಬಿಡಿಸಿ ಹೇಳೋಕೆ ನನಗೆ ಮೂರು ಮೀಟಿಂಗ್ ಬೇಕಾಯ್ತು.

ಅಮ್ಮನ ಕೆಲಸ ಕೊನೆಗೆ ಆಗಿದ್ದು ಏಜೆನ್ಸಿಯಲ್ಲಿ. ಮರುದಿನ ಹೋದೆವು. ಅಮ್ಮ ಅದೇ ಮಾತು ಹೇಳಿದಳು, ಯಜಮಾನರು ಹೋಗಿ ಮೂರು ತಿಂಗಳಾಯ್ತು ಅಂತ. ಕೌಂಟರಿನಲ್ಲಿದ್ದ ಹುಡುಗ ಕಂಪ್ಯೂಟರಿನಿಂದ ತಲೆ ಎತ್ತಿ, "ಕೂತ್ಕೊಳ್ಳಿ ಅಮ್ಮ" ಅಂದ. "ಡೆತ್ ಸರ್ಟಿಫಿಕೇಟ್ ಜೆರಾಕ್ಸು, ನಿಮ್ಮ ಆಧಾರು, ಮಕ್ಕಳದು ಒಪ್ಪಿಗೆ ಪತ್ರ ಬೇಕು. ಹಳೇ ಬುಕ್ ಇದ್ಯಾ?" ಅಮ್ಮ ಇದೆ ಅಂದಳು. "ಹಾಗಾದ್ರೆ ಇನ್ನೊಂದ್ಸಲ ಓಡಾಡೋದು ತಪ್ತು." ಅವನು ಸಂತಾಪ ಹೇಳಲಿಲ್ಲ, ನಗಲೂ ಇಲ್ಲ. ಹೊರಗೆ ಬಂದ ಮೇಲೆ ಅಮ್ಮ, "ಒಳ್ಳೇ ಹುಡುಗ" ಅಂದಳು.

ಬಾಟ್‌ನಿಂದ ನಾನು ಕೇಳೋದು ಆ ಹುಡುಗನಷ್ಟು. ತಾನು ಯಂತ್ರ ಅಂತ ಮೊದಲೇ ಹೇಳಲಿ, ಯಾರಿಗೂ ಬೇಜಾರಿಲ್ಲ. ಒಮ್ಮೆ ಹೇಳಿದ ಕನ್ಸ್ಯೂಮರ್ ನಂಬರನ್ನು ಮತ್ತೆ ಕೇಳದಿರಲಿ. ಅನುಮಾನ ಇದ್ದಾಗ ವಿಳಾಸಕ್ಕೆ ಕೈಚಾಚುವ ಮೊದಲು, "ಕನೆಕ್ಷನ್ ಯಾರ ಹೆಸರಿಂದ ಯಾರ ಹೆಸರಿಗೆ ಆಗಬೇಕು?" ಅಂತ ಒಂದೇ ಒಂದು ಪ್ರಶ್ನೆ ಕೇಳಲಿ. ಕೈಲಾಗದಿದ್ದರೆ ಮನುಷ್ಯರಿಗೆ ದಾಟಿಸಲಿ, ದಾಟಿಸುವಾಗ ಆವರೆಗಿನ ಮಾತನ್ನೂ ಜೊತೆಗೆ ಕಳಿಸಲಿ. ಇಲ್ಲದಿದ್ದರೆ ಗಂಡ ತೀರಿಕೊಂಡದ್ದನ್ನು ಆ ಹೆಂಗಸು ಎರಡನೇ ಸಲ ಹೇಳಬೇಕು.

ಈಗ ನಾನು ಕೆಲಸ ಮಾಡುವ ಬಾಟ್‌ಗೆ ಒಂದು ಪಟ್ಟಿ ಮಾಡುತ್ತಿದ್ದೇನೆ. ತೀರಿಕೊಂಡರು, ಹೋದರು, ಹೋಗಿಬಿಟ್ಟರು, ಕಾಲವಾದರು, ಇಲ್ಲವಾದರು, ನಮ್ಮನ್ನ ಬಿಟ್ಟು ಹೋದ್ರು, ದೇವರ ಪಾದ ಸೇರಿದರು, ಶಿವನ ಪಾದ ಸೇರಿದ್ರು, ಲಿಂಗೈಕ್ಯರಾದರು. ಇವುಗಳಲ್ಲಿ ಯಾವುದು ಬಂದರೂ ಎಮೋಜಿ ನಿಲ್ಲಬೇಕು, "ಸಂತೋಷ" ಅನ್ನುವ ಪದ ಬರಬಾರದು, ಮುಂದಿನ ಮಾತು ಬೇಕಾದ ಕಾಗದಪತ್ರದ್ದೇ ಆಗಿರಬೇಕು. ನಿಮ್ಮ ಮನೆಯಲ್ಲಿ, ನಿಮ್ಮ ಊರ ಕಡೆ ಇದನ್ನು ಬೇರೆ ಹೇಗೆ ಹೇಳ್ತಾರೆ ಅಂತ ದಯವಿಟ್ಟು ತಿಳಿಸಿ. ಒಂದೊಂದನ್ನೂ ಸೇರಿಸ್ತೀನಿ.